ಪಿಸುಮಾತಿಗೆ ಕಿವಿಯಾದ ಎವುಲ್

ಬೆಳಗಿನ ಐದು ಗಂಟೆ. ದಕ್ಷಿಣ ಒಮಾಹಾದ ಈ ಬೀದಿಗೆ ಹಿಮ ಎತ್ತುವ ಗಾಡಿ ಇನ್ನೂ ಬಂದಿಲ್ಲ. ಎರಡನೇ ಮಹಡಿಯ ಅಡುಗೆಮನೆಯಲ್ಲಿ ಎವುಲ್ ಪಾಸ್ಕುವಾಲ್ ಮುಸುಕಿನ ಜೋಳದ ಹಿಟ್ಟನ್ನು ಅಂಗೈಯಿಂದ ಅಂಗೈಗೆ ಹಾಕುತ್ತ ರೊಟ್ಟಿ ತಟ್ಟುತ್ತಿದ್ದಾರೆ. ಹೆಂಚಿನ ಮೇಲೊಂದು, ಕೈಯಲ್ಲೊಂದು. ಅಷ್ಟರಲ್ಲಿ ಫೋನು ಬಡಿದುಕೊಳ್ಳುತ್ತದೆ. ಹಿಟ್ಟು ಹತ್ತದ ಕಿರುಬೆರಳಿನಿಂದ ಗುಂಡಿ ಒತ್ತಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಳ್ಳುತ್ತಾರೆ.

ಕರೆ ಮಾಡಿದವಳು ಎರಡು ಬೀದಿ ಆಚೆಯ ಮಿಕಾಯೆಲಾ. ಮಾಂಸದ ಕಾರ್ಖಾನೆಯಲ್ಲಿ ರಾತ್ರಿಯೆಲ್ಲ ಯಂತ್ರ ತೊಳೆದು ಈಗಷ್ಟೇ ಮನೆ ಸೇರಿದ್ದಾಳೆ. ಏಳು ವರ್ಷದ ಮಗಳು ಶುವಿನ್‌ಳ ಶಾಲೆಯ ಚೀಲದಲ್ಲಿ ಇಂಗ್ಲಿಷಿನ ಕಾಗದವೊಂದು ಸಿಕ್ಕಿದೆ. ಓದಲು ಬಾರದೆ ಅದರ ಫೋಟೊ ಕಳಿಸಿದ್ದಾಳೆ.

“ಎವುಲಕ್ಕ, ಮಗಳ ಹೆಸರು ಇರೋದು ಮಾತ್ರ ಗೊತ್ತಾಗ್ತಿದೆ. ಒಳ್ಳೇದಾ ಕೆಟ್ಟದ್ದಾ, ಅಷ್ಟು ಹೇಳಿ ಸಾಕು.”

ಎವುಲ್ ಫೋನನ್ನು ಕಣ್ಣ ಮುಂದೆ ಹಿಡಿದು ಓದುತ್ತಾರೆ. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಗಮನಿಸುವುದಿಲ್ಲ. ಸೆಪ್ಟೆಂಬರಿನಲ್ಲಿ ಸೇರಿದ ಹುಡುಗಿ ಐದು ತಿಂಗಳಾದರೂ ತರಗತಿಯಲ್ಲಿ ಒಂದು ಮಾತೂ ಆಡಿಲ್ಲ. ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಬೇರೆ ಕೋಣೆಗೆ ಅವಳನ್ನು ಕಳಿಸಬೇಕೇ ಎಂದು ಶುಕ್ರವಾರ ತೀರ್ಮಾನಿಸಲಾಗುವುದು, ತಾಯಿ ಬರಬೇಕು ಎಂದು ಕಾಗದ ಹೇಳುತ್ತದೆ.

“ಶುಕ್ರವಾರ ಇನ್ನೂ ಮೂರು ದಿನ ಇದೆ. ನೀನು ಈಗ ಮಲಗು,” ಎಂದಷ್ಟೇ ಹೇಳಿ ಎವುಲ್ ಫೋನಿಡುತ್ತಾರೆ. ಸೀದ ರೊಟ್ಟಿಯನ್ನು ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಾರೆ.

ಮಕ್ಕಳು ಎವುಲ್‌ರನ್ನು ಕರೆಯುವುದು ‘ಕೋಟಿನಮ್ಮ’ ಎಂದು. ಬೇರೆ ಮನೆಮಾತಿನ ಮಕ್ಕಳು ಇಂಗ್ಲಿಷನ್ನು ಹೇಗೆ ಕಲಿಯುತ್ತಾರೆ, ಎಲ್ಲಿ ಬಳಸುತ್ತಾರೆ ಎಂದು ವಿಶ್ವವಿದ್ಯಾಲಯವೊಂದು ವರ್ಷಗಳಿಂದ ಅಧ್ಯಯನ ಮಾಡುತ್ತಿದೆ. ಅದಕ್ಕಾಗಿ ಎವುಲ್ ತೋಳಿಲ್ಲದ ಪುಟ್ಟ ಕೋಟುಗಳನ್ನು ತಾವೇ ಹೊಲಿದಿದ್ದಾರೆ. ಎದೆಯ ಮೇಲೊಂದು ಜೇಬು, ಜೇಬಿನೊಳಗೆ ಬೆಂಕಿಪೊಟ್ಟಣದಷ್ಟು ರೆಕಾರ್ಡರ್. ವಾರಕ್ಕೊಂದು ದಿನ ಮಗು ಎದ್ದಾಗಿನಿಂದ ಮಲಗುವವರೆಗೆ ಕೋಟು ತೊಡುತ್ತದೆ. ಮರುದಿನ ಎವುಲ್ ಹೋಗಿ ಬಿಚ್ಚಿ ತರುತ್ತಾರೆ, ಕೇಳುತ್ತಾರೆ, ಕೇಳಿದ್ದನ್ನೆಲ್ಲ ಬರೆಯುತ್ತಾರೆ. ಉಳಿದ ದಿನಗಳಲ್ಲಿ ತರಗತಿಯ ಹಿಂದೆ, ಮಕ್ಕಳ ಕುರ್ಚಿಯ ಮೇಲೆ ಮಂಡಿ ಮಡಚಿ ಕೂತು, ಯಾರು ಎಷ್ಟು ಸಲ ಬಾಯಿ ತೆರೆದರೆಂದು ಗೆರೆ ಎಳೆಯುತ್ತಾರೆ.

ಈ ವರ್ಷ ಶುವಿನ್ ಸೇರಿ ಹದಿನಾಲ್ಕು ಮಕ್ಕಳು, ಆರು ವರ್ಷದಲ್ಲಿ ಅರವತ್ತೊಂದು. ಒಂದು ಗಂಟೆಯ ಧ್ವನಿಯನ್ನು ಕಾಗದಕ್ಕಿಳಿಸಲು ಎಂಟು ಗಂಟೆ ಬೇಕು. ನಗು, ಬಿಕ್ಕಳಿಕೆ, ತೊದಲು, ಎರಡು ಮಾತಿನ ನಡುವಿನ ಮೌನ, ಎಲ್ಲಕ್ಕೂ ಒಂದೊಂದು ಗುರುತುಂಟು. ಮೂರು ಸಲ ಕೇಳಿಯೂ ತಿಳಿಯದಿದ್ದರೆ ಮೂರು ಗುಣಿಸು ಗುರುತು ಹಾಕಿ ಮುಂದೆ ಹೋಗಬೇಕು. ನಿಯಮ ಅದು.

“ಊರಿನ ಮಕ್ಕಳು ಕೆಮ್ಮಿದ್ದನ್ನೂ ಬರ್ಕೋತಾಳೆ. ನಾನು ಹೇಳಿದ್ದಕ್ಕೆ ಮಾತ್ರ ಮೂರು ಗುಣಿಸು,” ಎಂದು ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಹೊರಟ ಗಂಡ ಆಂದ್ರೆಸ್ ಬಾಗಿಲಲ್ಲಿ ನಿಂತು ಹೇಳುತ್ತಾರೆ.

“ನೀವು ಹೊಸದೇನಾದ್ರೂ ಹೇಳಿದ ದಿನ ಬರೀತೀನಿ,” ಎನ್ನುತ್ತಾರೆ ಎವುಲ್.

ಆಂದ್ರೆಸ್ ಹೋದ ಮೇಲೆ ಮನೆ ನಿಶ್ಶಬ್ದವಾಗುತ್ತದೆ. ಎವುಲ್ ಕೈ ತೊಳೆದು, ಹೆಡ್‌ಫೋನ್ ಹಾಕಿಕೊಂಡು, ಶುವಿನ್‌ಳ ಹಾಳೆಗಳನ್ನು ಮೇಜಿನ ಮೇಲೆ ಹರಡುತ್ತಾರೆ. ಮನೆಯಲ್ಲಿ ತಮ್ಮನ ಜೊತೆ, ಅಮ್ಮನ ಜೊತೆ ತಮ್ಮ ಗ್ವಾಟೆಮಾಲಾದ ಕಂಹೋಬಾಲ್ ಭಾಷೆಯಲ್ಲಿ ಅರಳು ಹುರಿದಂತೆ ಮಾತನಾಡುವ ಹುಡುಗಿ ಶಾಲೆಯಲ್ಲಿ ಮೂಕಿ. ಇಂಗ್ಲಿಷ್ ವಾಕ್ಯಗಳು: ಸೊನ್ನೆ. ಕೇಳಿದ ಪ್ರಶ್ನೆಗಳು: ಸೊನ್ನೆ. ಆದರೆ ಸಂಜೆಯ ಹಾಳೆಗಳ ತುಂಬ ಮೂರು ಗುಣಿಸು, ಮೂರು ಗುಣಿಸು. ಅಷ್ಟೂ ಎವುಲ್ ತಾವೇ ಹಾಕಿದವು. ಇಂದು ಅವುಗಳ ಪಕ್ಕದ ಗಂಟೆ-ನಿಮಿಷ ನೋಡುತ್ತ ಹೋದಂತೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಎಲ್ಲವೂ ಊಟದ ನಂತರದ ಹೊತ್ತಿನವು. ಎಲ್ಲದರಲ್ಲೂ ಹಿಂದೆ ನಲ್ಲಿ ಸುರಿಯುತ್ತಿದೆ.

ಮಗು ಪಾತ್ರೆ ತೊಳೆಯುವಾಗ ಮಾತ್ರ ಪಿಸುಗುಡುತ್ತಿದೆ. ನೀರಿನ ಸದ್ದಿನ ಅಡಿಯಲ್ಲಿ, ಯಾರಿಗೂ ಕೇಳಿಸದಂತೆ.

ಅಂದು ಎವುಲ್ ನಿಯಮ ಬಿಡುತ್ತಾರೆ. ಮೂರು ಸಲವಲ್ಲ, ಮೂವತ್ತು ಸಲ ಕೇಳುತ್ತಾರೆ. ಮೊದಲು ಮಾತಲ್ಲ, ಮಾತಿನ ಏರಿಳಿತ ಕಿವಿಗೆ ಸಿಗುತ್ತದೆ. ಅದು ಶುವಿನ್‌ಳ ಧಾಟಿಯಲ್ಲ, ಅವಳ ಟೀಚರ್ ಮಿಸೆಸ್ ಕೊವಾರಿಕ್ ಅವರದು. ಆಮೇಲೆ ಒಂದೊಂದೇ ಪದ ನೀರಿನಿಂದ ಮೇಲೆದ್ದು ಬರುತ್ತದೆ, ಇಂಗ್ಲಿಷಿನಲ್ಲಿ. ಎವುಲ್ ಅಳಿಸುವ ರಬ್ಬರು ತೆಗೆದುಕೊಳ್ಳುತ್ತಾರೆ.

ಎವುಲ್‌ಗೆ ಈಗ ನಲವತ್ತೆರಡು. ಗ್ವಾಟೆಮಾಲಾದ ಬೆಟ್ಟದ ಊರಿನಿಂದ ಚಿಕ್ಕಪ್ಪನ ಜೊತೆ ಇಲ್ಲಿಗೆ ಬಂದಾಗ ಹನ್ನೊಂದು. ಅವರೂ ಎರಡು ವರ್ಷ ಶಾಲೆಯಲ್ಲಿ ಬಾಯಿ ತೆರೆದಿರಲಿಲ್ಲ. ಬಟ್ಟೆ ಒಗೆಯುವ ಯಂತ್ರ ತಿರುಗುವಾಗ ಅದರ ಪಕ್ಕ ನಿಂತು ಇಂಗ್ಲಿಷ್ ಹೇಳಿಕೊಳ್ಳುತ್ತಿದ್ದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಅವರನ್ನು ಕಟ್ಟಡದ ಹಿಂದಿನ ಕೋಣೆಗೆ ಕಳಿಸಿದರು.

“ಬಣ್ಣ ಹಚ್ಚೋ ಕ್ಲಾಸು. ಹದಿನೇಳು ವರ್ಷದ ತನಕ ಬಣ್ಣ ಹಚ್ಚಿದೆ. ಗೆರೆ ದಾಟದ ಹಾಗೆ ಹಚ್ಚೋದ್ರಲ್ಲಿ ನನ್ನನ್ನ ಮೀರಿಸೋರಿಲ್ಲ,” ಎಂದು ನಗುತ್ತಾರೆ. ಆಮೇಲೆ ಒಂಬತ್ತು ವರ್ಷ ಮಾಂಸದ ಕೊಬ್ಬು ಕೆತ್ತುವ ಕೆಲಸ. ಬಲಗೈ ಹೆಬ್ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ; ಪೆನ್ಸಿಲನ್ನು ಎರಡು ಬೆರಳ ನಡುವೆ ಹಿಡಿದೇ ಬರೆಯುತ್ತಾರೆ. ಮೂರು ಭಾಷೆ ಬಲ್ಲವರು ಬೇಕೆಂದು ಚರ್ಚಿನ ಗೋಡೆಗೆ ಅಂಟಿಸಿದ್ದ ಚೀಟಿ ಅವರನ್ನು ಈ ಕೆಲಸಕ್ಕೆ ತಂದಿತು. ಅಧ್ಯಯನದ ವರದಿಗಳಲ್ಲಿ ಅವರ ಹೆಸರಿಲ್ಲ. ‘ಸ್ಥಳೀಯ ಸಹಾಯಕರಿಗೆ ವಂದನೆಗಳು’ ಎಂಬ ಕೊನೆಯ ಸಾಲಿನಲ್ಲಿ ಅವರಿದ್ದಾರೆ.

ಗುರುವಾರದ ಹೊತ್ತಿಗೆ ಮೂವತ್ತೆಂಟು ಕಡೆ ಗುಣಿಸು ಗುರುತು ಅಳಿದು ಮಾತು ಬಂದಿದೆ. ಕೊನೆಯವು ಹೊಸ ಥರದವು. ಕಳೆದ ವಾರ ತರಗತಿಯಲ್ಲಿ ಒಬ್ಬೊಬ್ಬ ಮಗುವಿಗೂ ಒಂದೊಂದು ಕಾಗದದ ಕಪ್ಪು ಕೊಟ್ಟು, ಮಣ್ಣು ತುಂಬಿಸಿ, ಒಂದೊಂದು ಹುರುಳಿಕಾಯಿ ಬೀಜ ಊರಿಸಿದ್ದರು. ಅಂದಿನ ಸಂಜೆ ನಲ್ಲಿಯ ಕೆಳಗೆ ಶುವಿನ್ ‘ಯಾಕೆ ಒಂದು?’ ಎಂದಿದ್ದಾಳೆ. ಸ್ವಲ್ಪ ತಡೆದು, ‘ಯಾಕೆ ನೀವು ಒಂದು?’ ಮತ್ತೆ ಒಂದು ತಟ್ಟೆ ತೊಳೆದಿಟ್ಟು, ಇನ್ನಷ್ಟು ಉದ್ದ. ಒಂದು ಪ್ರಶ್ನೆಯನ್ನು ರೊಟ್ಟಿ ತಟ್ಟಿದ ಹಾಗೆ ತಟ್ಟಿ ತಟ್ಟಿ ದುಂಡಗೆ ಮಾಡುತ್ತಿದ್ದಾಳೆ.

ಇದನ್ನು ಶಾಲೆಗೆ ತೋರಿಸಬಹುದೇ? ಅಧ್ಯಯನದ ಮುಖ್ಯಸ್ಥೆ ಡಾ. ನೋರಾ ಹೆಲ್‌ಸ್ಟ್ರಾಮ್ ಮೊದಲು ಒಪ್ಪುವುದಿಲ್ಲ. “ಎವುಲ್, ನಾವು ನೋಡೋರು, ಕೈ ಹಾಕೋರಲ್ಲ,” ಎನ್ನುತ್ತಾರೆ. ಆರು ವರ್ಷದಲ್ಲಿ ಎವುಲ್ ಅವರಿಗೆ ಎದುರು ಮಾತನಾಡಿದ್ದಿಲ್ಲ.

“ನಾನು ಕೈ ಹಾಕ್ತಿಲ್ಲ. ನಾನು ಹಾಕಿದ ಗುರುತು ತಪ್ಪಾಗಿತ್ತು, ತಿದ್ದಿದೀನಿ. ಸೊನ್ನೆ ಅಂತ ಬರೆದ ಕಡೆ ಮಗು ಮಾತಾಡ್ತಾ ಇತ್ತು. ತಾಯಿ ಸಹಿ ಹಾಕಿದ್ರೆ ಶಾಲೆಗೆ ಕೊಡಬಹುದು ಅಂತ ನಿಮ್ಮ ಒಪ್ಪಿಗೆ ಪತ್ರದಲ್ಲೇ ಇದೆ, ನಾಲ್ಕನೇ ಪುಟ.”

ನೋರಾ ಪುಟ ತೆರೆದು ನೋಡುತ್ತಾರೆ. ನನ್ನ ಪತ್ರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು ಎಂದು ಒಪ್ಪಿಕೊಳ್ಳುತ್ತಾರೆ. ಅದನ್ನು ಅರವತ್ತೊಂದು ತಾಯಂದಿರಿಗೆ ಓದಿ ಹೇಳಿದವರು ಎವುಲ್ ತಾನೇ.

ಶುಕ್ರವಾರ ಶಾಲೆಯ ಸಭೆಯಲ್ಲಿ ಮಿಕಾಯೆಲಾ ನಿದ್ದೆಗೆಟ್ಟ ಕಣ್ಣಿನಲ್ಲೇ ಸಹಿ ಹಾಕಿ, ಮಡಿಲಲ್ಲಿ ಕೈಯಿಟ್ಟು ಕೂರುತ್ತಾಳೆ. ಮಿಸೆಸ್ ಕೊವಾರಿಕ್ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಇಪ್ಪತ್ತಾರು ವರ್ಷ ಪಾಠ ಮಾಡಿದ ಹೆಂಗಸು. ಕೇಳುತ್ತ ಕೇಳುತ್ತ ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತಾರೆ. ಕಣ್ಣು ಇಲ್ಲಿ, ಕೈ ಸುಮ್ಮನೆ, ನಿನ್ನೆ ಹೇಳಿದ್ದು ಯಾರಿಗೆ ನೆನಪಿದೆ... ಅವರದೇ ಪಾಠ, ಅವರದೇ ಸ್ವರ, ನೀರಿನ ಕೆಳಗಿನಿಂದ.

“ನನ್ನ ಕೆಮ್ಮನ್ನೂ ಬಿಟ್ಟಿಲ್ವಲ್ಲ ಈ ಹುಡುಗಿ,” ಎನ್ನುತ್ತಾರೆ ಕೊನೆಗೆ. ನಗಲು ಹೋಗಿ ಮೂಗೊರೆಸಿಕೊಳ್ಳುತ್ತಾರೆ. “ಇಷ್ಟೆಲ್ಲ ಗೊತ್ತಿದ್ರೆ ನನ್ನ ಹತ್ರ ಒಂದು ಮಾತು ಯಾಕೆ ಆಡಲ್ಲ? ನಾನು ಅಷ್ಟು ಕೆಟ್ಟೋಳಾ?”

ಎವುಲ್ ಮೆಲ್ಲಗೆ ಹೇಳುತ್ತಾರೆ: “ಕೆಟ್ಟೋರು ಅಂತಲ್ಲ, ದೊಡ್ಡೋರು ಅಂತ. ನಮ್ಮಲ್ಲಿ ಮಕ್ಕಳು ಪಕ್ಕದಲ್ಲಿ ನಿಂತು ನೋಡಿ ಕಲೀತಾರೆ. ದೊಡ್ಡೋರನ್ನ ಪ್ರಶ್ನೆ ಕೇಳಿದ್ರೆ, ನೀವು ಸರಿಯಾಗಿ ತೋರಿಸಿಲ್ಲ ಅಂದ ಹಾಗೆ. ಅವಳು ನಿಮ್ಮ ಮರ್ಯಾದೆ ಕಾಯ್ತಾ ಇದಾಳೆ.”

ಮುಖ್ಯೋಪಾಧ್ಯಾಯರು ಯೋಚಿಸಿ, ತೀರ್ಮಾನವನ್ನು ಈ ತಿಂಗಳ ಕೊನೆಯವರೆಗೆ ತಡೆದಿಡುತ್ತಾರೆ. ಅಷ್ಟರಲ್ಲಿ ಹುಡುಗಿ ತರಗತಿಯಲ್ಲಿ ಎಲ್ಲರಿಗೂ ಕೇಳುವಂತೆ ತಾನಾಗಿ ಒಂದು ಮಾತನಾಡಬೇಕು, ಒಂದಾದರೂ ಸಾಕು. ಟೇಪು ನಂಬಿಕೆ ಕೊಟ್ಟಿದೆ, ಆದರೆ ತರಗತಿ ನಡೆಯುವುದು ನಲ್ಲಿಯ ಕೆಳಗಲ್ಲವಲ್ಲ.

ದಾರಿಯಲ್ಲಿ ಮಿಕಾಯೆಲಾ ಕೇಳುತ್ತಾಳೆ, ಮಾತಾಡು ಅಂತ ನಾನು ಹೇಳಿದರೆ ಅವಳು ಕೇಳುತ್ತಾಳೆಯೇ? ಸುಮ್ಮನೆ ನೋಡು ಎಂದು ಕಲಿಸಿದ್ದು ಊರಿನಲ್ಲಿರುವ ಅಜ್ಜಿ. ಗಂಟು ಕಟ್ಟಿದವರೇ ಬಿಚ್ಚಬೇಕು ಎನ್ನುತ್ತಾರೆ ಎವುಲ್. ಭಾನುವಾರ ತಮಾಲೆ ಎಂಬ ಜೋಳದ ಕಡುಬು ಬೇಯುವ ಹೊತ್ತಿಗೆ ಅಜ್ಜಿಗೆ ಫೋನು ಹಚ್ಚುತ್ತಾರೆ. ಪರದೆಯ ತುಂಬ ಅಜ್ಜಿಯ ಹಣೆ ಮಾತ್ರ ಕಾಣುತ್ತದೆ. ಎವುಲ್ ಎಲ್ಲವನ್ನೂ ವಿವರಿಸುತ್ತಾರೆ. ಅಜ್ಜಿ ಮೊಮ್ಮಗಳನ್ನು ಕರೆಯುತ್ತಾರೆ.

“ನೋಡು ಪುಟ್ಟಿ, ನಮ್ಮನೇಲಿ ನೋಡೋದು ಮರ್ಯಾದೆ. ಆ ಮನೇಲಿ ಕೇಳೋದು ಮರ್ಯಾದೆಯಂತೆ. ಹೋದ ಮನೆ ಪದ್ಧತಿ ನಡೆಸ್ಬೇಕು. ಕೇಳು, ನಾನು ಹೇಳಿದೀನಿ.”

ಶುವಿನ್ ತಲೆಯಾಡಿಸುತ್ತಾಳೆ. ಸೋಮವಾರ ಎವುಲ್‌ರ ಹಾಳೆಯಲ್ಲಿ ಸೊನ್ನೆ. ಮಂಗಳವಾರವೂ ಸೊನ್ನೆ.

ವರದಿಯಲ್ಲಿ ನಿಮ್ಮ ಹೆಸರು ಬರಬೇಕೆನಿಸುವುದಿಲ್ಲವೇ ಎಂದರೆ ಎವುಲ್ ಕೋಟಿನ ಜೇಬಿನ ದಾರ ಕಚ್ಚಿ ತುಂಡರಿಸುತ್ತ ಹೇಳುತ್ತಾರೆ: “ಹೆಸರಿದ್ರೆ ಯಾರು ಓದ್ತಾರೆ? ನನಗೆ ನಾನು ಗೆರೆ ಎಳೆಯೋ ಹಾಳೇಲಿ ಇನ್ನೊಂದು ಕಾಲಂ ಬೇಕು. ‘ಮಾತಾಡಿತು’, ‘ಮಾತಾಡಲಿಲ್ಲ’ ಅಂತ ಎರಡೇ ಇವೆ. ಮಧ್ಯೆ ‘ನೋಡ್ತಾ ಇದೆ’ ಅಂತ ಒಂದು. ನೋರಾಗೆ ಹೇಳಿದೀನಿ. ಮುಂದಿನ ವರ್ಷ ಸೇರಿಸ್ತಾರಂತೆ.” ಸದ್ಯಕ್ಕೆ ಅಂಚಿನಲ್ಲಿ ಪೆನ್ಸಿಲಿನಿಂದ ತಾವೇ ಗೆರೆ ಎಳೆದುಕೊಂಡಿದ್ದಾರೆ.

ಬುಧವಾರ. ಕಿಟಕಿಯ ಕಟ್ಟೆಯ ಮೇಲೆ ಇಪ್ಪತ್ತೆರಡು ಕಪ್ಪುಗಳು. ಇಪ್ಪತ್ತರಲ್ಲಿ ಸಸಿ ಎದ್ದು ಎರಡೆಲೆ ಬಿಚ್ಚಿವೆ. ಎರಡರಲ್ಲಿ ಬರಿ ಮಣ್ಣು. ಅವುಗಳಲ್ಲೊಂದು ಶುವಿನ್‌ಳದು. ಮಿಸೆಸ್ ಕೊವಾರಿಕ್ ಅಳತೆಪಟ್ಟಿ ಹಂಚುತ್ತ ಬಂದು, ಅವಳ ಮುಂದೆ ಒಂದು ಗಳಿಗೆ ನಿಂತು ಮುಂದೆ ಸರಿಯುತ್ತಾರೆ. ಊರಿನಲ್ಲಿ ಅಜ್ಜಿ ಜೋಳ ಬಿತ್ತುವುದನ್ನು ಆ ಹುಡುಗಿ ಪಕ್ಕದಲ್ಲಿ ನಿಂತು ನೋಡಿದವಳು. ಅಲ್ಲಿ ಒಂದು ಗುಣಿಗೆ ನಾಲ್ಕು ಕಾಳು ಹಾಕುತ್ತಾರೆ.

ಹಿಂದಿನ ಪುಟ್ಟ ಕುರ್ಚಿಯಲ್ಲಿ ಎವುಲ್ ಪೆನ್ಸಿಲ್ ಹಿಡಿದು ಕೂತಿದ್ದಾರೆ. ಆ ಪ್ರಶ್ನೆ ಅವರಿಗೆ ಬಾಯಿಪಾಠ. ಹೇಳಿಕೊಡುವಂತಿಲ್ಲ. ತುಟಿ ಅಲ್ಲಾಡೀತೆಂದು ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಾರೆ.

ಮೂರನೇ ಸಾಲಿನಲ್ಲಿ ಒಂದು ಕೈ ಮೇಲೇಳುತ್ತದೆ. ಪೂರ್ತಿ ಅಲ್ಲ, ಕಿವಿಯ ಮಟ್ಟಕ್ಕೆ. ಮಿಸೆಸ್ ಕೊವಾರಿಕ್ ಅಳತೆಪಟ್ಟಿಗಳನ್ನು ಕೆಳಗಿಡುತ್ತಾರೆ. ಮಕ್ಕಳೆಲ್ಲ ತಿರುಗಿ ನೋಡುತ್ತಾರೆ. ಎಲ್ಲೂ ನೀರು ಸುರಿಯುತ್ತಿಲ್ಲ. ಶುವಿನ್ ಎದ್ದು ನಿಂತು, ಟೀಚರ್ ಮುಖ ನೋಡಿಯೇ, ಇಂಗ್ಲಿಷಿನಲ್ಲಿ ಕೇಳುತ್ತಾಳೆ:

“ಮಿಸೆಸ್ ಕೊವಾರಿಕ್, ನೀವು ಒಂದೇ ಬೀಜ ಯಾಕೆ ಹಾಕಿಸಿದ್ರಿ? ಆ ಒಂದು ಏಳದೇ ಇದ್ರೆ?”