ಎಣ್ಣೆ ಡಬ್ಬಿಯಲ್ಲಿ ಬಂದ ಮೀನು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ, ಏಳನೆಯ ಇಯತ್ತೆ ಮುಗಿಯುವ ಮೊದಲೇ. ಮಾಸ್ತರರು ಬಿಡಿಸಲಿಲ್ಲ, ಅಪ್ಪ ಬಿಡಿಸಲಿಲ್ಲ. ವೆಲ್ಡಿಂಗ್ ಅಂಗಡಿಯ ಕಿಡಿ ನೋಡಿ ನಾನೇ ಬಿಟ್ಟೆ. ನಾಗನೂರಿನ ನಮ್ಮ ಮನೆಯಲ್ಲಿ ಇದಕ್ಕಾಗಿ ಯಾರೂ ಅತ್ತ ನೆನಪಿಲ್ಲ. ಇಪ್ಪತ್ತು ವರ್ಷ ಕಬ್ಬಿಣ ಬಡಿದ ಮೇಲೆ ಗೋಕಾಕದ ಆಚೆಯ ಸಣ್ಣ ಕೈಗಾರಿಕಾ ವಸಾಹತಿನಲ್ಲಿ ನನ್ನದೇ ಶೆಡ್ಡು ಎದ್ದಿತು. ಬಕೆಟ್ಟು, ನೀರಿನ ಟಾಕಿ ಮಾಡಿ, ಆಸಿಡ್ಡಿನಲ್ಲಿ ತೊಳೆದು, ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವುದು ನನ್ನ ಕೆಲಸ. ಮೂಡಲಗಿಯಿಂದ ಹುಕ್ಕೇರಿಯವರೆಗೆ ಯಾವುದೇ ಸಂತೆಯಲ್ಲಿ ತುಕ್ಕು ಹಿಡಿಯದ ಬಕೆಟ್ಟು ಕಂಡರೆ ಅದು ನನ್ನದೇ ಎಂದು ತಿಳಿಯಿರಿ. ಇದನ್ನು ಜಂಬ ಅನ್ನುವವರು ಅನ್ನಲಿ.

ಎರಡು ಸಾವಿರದ ನಂತರದ ಒಂದು ಬೇಸಿಗೆಯಲ್ಲಿ ಸುದ್ದಿ ಬಂತು. ದೇಶದ ಎಲ್ಲ ಕೈಗಾರಿಕಾ ವಸಾಹತುಗಳಿಗೂ ಒಂದೇ ಅಳತೆಗೋಲು ಮಾಡುತ್ತಾರಂತೆ. ನೀರು ಹೇಗಿರಬೇಕು, ಗಿಡ ಎಷ್ಟಿರಬೇಕು, ಕಸ ಎಲ್ಲಿಗೆ ಹೋಗಬೇಕು, ಎಲ್ಲ. ಅದನ್ನು ಬರೆಯುವ ಮೊದಲು ದೊಡ್ಡವು, ಸಣ್ಣವು ಎಂದು ಕೆಲವನ್ನು ಕಣ್ಣಾರೆ ನೋಡಿ ಹೋಗುತ್ತಾರೆ. ಸಣ್ಣವುಗಳ ಪೈಕಿ ನಾವು. ಸುದ್ದಿ ತಂದ ಎಂಜಿನಿಯರು ನನ್ನ ಗಟಾರದ ಹಳದಿ ನೀರು ನೋಡಿ, "ಇಂಥಾ ಆಸಿಡ್ ಶೆಡ್ ಇದ್ರ ಹೊರಗ ಹಾಕ್ರಿ ಅಂತ ಬರದ್ರೂ ಬರೀತಾರ. ನಿಮ್ಮದ ನೀವ ವಿಚಾರ ಮಾಡ್ಕೋರಿ," ಎಂದು, ನನ್ನದೇ ಚಹಾ ಕುಡಿದು ಹೋದರು.

ಆ ಗಟಾರ ವಸಾಹತಿನ ತಗ್ಗಿನಲ್ಲಿದ್ದ ಹೊಂಡಕ್ಕೆ ಸೇರುತ್ತಿತ್ತು. ವಿಚಾರ ಮಾಡಿದೆ. ಹೊಂಡದಲ್ಲಿ ನಾಲ್ಕು ಮೀನು ಆಡುತ್ತಿದ್ದರೆ, ನೀರು ಕೆಟ್ಟಿದೆ ಎನ್ನುವ ಧೈರ್ಯ ಯಾರಿಗಿದೆ?

ವಸಾಹತಿನ ಅಧ್ಯಕ್ಷರು ಎಣ್ಣೆ ಮಿಲ್ಲಿನ ಸಾಹುಕಾರರು. ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು, ನನಗಿಂತ ಬಹಳ ಹಿರಿಯರು. ಮೀನು ಎಂಬ ಶಬ್ದ ಕೇಳಿಯೇ ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

"ತಿನ್ನಾಕಲ್ರಿ ಕಾಕಾ, ಬಿಡಾಕ. ಬಲಿಯೊಳಗ ಸಾಯೂ ಜೀವಾನ ಬಿಡಿಸಿ ನೀರಿಗೆ ಬಿಡೋದು. ಇದಕ್ಕಿಂತ ಪುಣ್ಯ ಯಾವುದೈತ್ರಿ?"

ಕರವಸ್ತ್ರ ಇಳಿಯಿತು. "ಖರೆ ಹೇಳಾಕತ್ತೀಯೋ, ಆಟಾ ಆಡಾಕತ್ತೀಯೋ?"

"ಎರಡೂ ರಿ."

ಅವರ ಜೀಪಿನಲ್ಲೇ ಹೊಳೆ ಕಡೆಯ ದಡ್ಡಿ ಎಂಬ ಊರಿಗೆ ಹೋದೆವು. ಪರಿಚಯದವರು ಯಾರಾದರೂ ಕಂಡಾರು ಎಂದು ಸಾಹುಕಾರರು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದರು. ಅಲ್ಲಿ ಮೀನು ಹಿಡಿಯುವ ಬಲೆಯವನು ಮಾತ್ರ ದೂರದಿಂದಲೇ ಗುರುತು ಹಿಡಿದ.

"ಅರೆ, ಎಣ್ಣಿ ಸಾವ್ಕಾರ್ರ! ಬರ್ರಿ, ಬರ್ರಿ. ಯಾವಾಗಿಂದ ಸುರು ಮಾಡೀರಿ?"

"ಏ, ನಾ ತಿನ್ನಾಂವ ಅಲ್ಲೋ! ಜೀವಂತ ಬೇಕಾಗ್ಯಾವು."

"ಜೀವಂತನ? ಹಂಗ ನಮ್ಮ ಮಂದೀನೂ ತಿನ್ನೂದಿಲ್ರಿ."

ನಾನು ಜೀಪಿನ ಮರೆಗೆ ಹೋಗಿ ನಕ್ಕು ಬಂದೆ.

ಮೀನನ್ನು ತರುವುದು ಹೇಗೆಂದು ನಮ್ಮಿಬ್ಬರ ಮನೆತನದಲ್ಲೂ ಯಾರಿಗೂ ಗೊತ್ತಿರಲಿಲ್ಲ. ಸಾಹುಕಾರರು ಹೊಸ ಎಣ್ಣೆ ಡಬ್ಬಿಗಳನ್ನು ತಂದಿದ್ದರು. ಮೀನು ಬಿಟ್ಟು, ನೀರನ್ನು ಬಾಯಿತನಕ ತುಂಬಿ, ಜೀವಮಾನವೆಲ್ಲ ಎಣ್ಣೆ ತುಂಬಿದ ಕೈಯಿಂದ ಮುಚ್ಚಳ ಒತ್ತಿ ಸೀಲು ಜಡಿದರು. ಹನಿ ಚೆಲ್ಲಬಾರದು ನೋಡಿ! ಬೇಡ ಅನ್ನಬೇಕಿದ್ದ ಬಲೆಯವನು ಅಷ್ಟರಲ್ಲಿ ತೆಪ್ಪ ಹತ್ತಿ ಹೊಳೆಯ ನಡುವೆ ಇದ್ದ. ಮರಳಿ ಬರುತ್ತ ಘೋಡಗೇರಿ ದಾಟಿದಾಗ ಸಾಹುಕಾರರು ಡಬ್ಬಿಗಳ ಕೆಳಗೆ ಕೈಯಾಡಿಸಿ, "ನಮ್ಮ ಸೀಲ ಅಂದ್ರ ಸೀಲ," ಎಂದರು.

ಹೊಂಡದ ದಂಡೆಯಲ್ಲಿ ಸೀಲು ಒಡೆದರೆ, ಎಲ್ಲ ಮೀನೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಸಾಹುಕಾರರು ಬಿಳಿ ಧೋತರದ ಗೊಡವೆ ಬಿಟ್ಟು ಕೆಸರಿನಲ್ಲೇ ಕುಳಿತುಬಿಟ್ಟರು. "ನನ್ನ ಕೈಲೆ ಆತಲ್ಲೋ ಇದು," ಎಂದರು. ಮರುದಿನ ಉಪವಾಸ. ಅದರ ಮರುದಿನ ನನ್ನನ್ನು ಕರೆಯದೇ ದಡ್ಡಿಗೆ ಹೋಗಿ, ಗಾಳಿಯಾಡಲೆಂದು ಬಾಯಿ ತೆರೆದ ಡಬ್ಬಿಗಳನ್ನು ಮೊಣಕಾಲ ನಡುವೆ ಹಿಡಿದುಕೊಂಡು, ಸೊಂಟದವರೆಗೆ ತೋಯ್ದು ಬಂದರು. ಈ ಸಲದವು ಬದುಕಿದವು.

ಬದುಕಿದ್ದೇ ನನಗೆ ಕಂಟಕವಾಯಿತು. ನನ್ನ ಗಟಾರ ಸೇರುವ ಮೂಲೆಗೆ ಸುಳಿದ ಮೀನುಗಳು ಬಾಯಿ ಮೇಲೆತ್ತಿ ಒದ್ದಾಡುವುದನ್ನು ಸಾಹುಕಾರರು ಕಂಡರು. ಗಟಾರದ ಜಾಡು ಹಿಡಿದು ನೆಟ್ಟಗೆ ನನ್ನ ಬಾಗಿಲಿಗೆ ಬಂದರು.

"ನಿನ್ನ ನೀರ ಇವತ್ತಿನಿಂದ ಬಂದ್."

"ಕಾಕಾ, ನೋಡಾಕ ಬರೋ ಮಂದಿ ಒಂದ ದಿನಾ ಬಂದ ಹೋಗ್ತಾರ. ಅಲ್ಲೀತನಕ ತಡಕೋತಾವು ಬಿಡ್ರಿ."

"ಮಂದಿ ಹೋಗ್ತಾರೋ. ಮೀನ ಎಲ್ಲಿ ಹೋಗ್ತಾವು? ನಾ ಆಣಿ ಮಾಡೇನಿ, ಇನ್ನ ಈ ಹೊಂಡದಾಗ ಒಂದೂ ಸಾಯಬಾರದು. ನಿನ್ನ ಗಟಾರದ ಬಾಯಿಗೆ ನಾನ ಸಿಮೆಂಟ ಮೆತ್ತತೇನಿ!"

ಶೆಡ್ಡು ಉಳಿಸಲೆಂದು ತಂದ ಮೀನೇ ಶೆಡ್ಡಿಗೆ ಬೀಗ ಜಡಿಯಲು ನಿಂತಿತು. ನೀರು ಬಿಡದೆ ತೊಳೆಯಲಾಗದು, ತೊಳೆಯದೆ ಸತುವು ಹಿಡಿಯದು.

ಬೆಲ್ಲ ಮಾಡುವಾಗ ಕಬ್ಬಿನ ಹಾಲಿನ ಹುಳಿ ಮುರಿಯಲು ನಮ್ಮ ಕಡೆ ಸುಣ್ಣದ ನೀರು ಹಾಕುತ್ತಾರೆ. ಆಸಿಡ್ಡೂ ಹುಳಿಯೇ ತಾನೇ? ಶೆಡ್ಡಿನ ಹಿಂದೆ ಎರಡು ಕುಣಿ ತೋಡಿ ಸಿಮೆಂಟು ಮೆತ್ತಿದೆ. ಮೊದಲನೆಯದರಲ್ಲಿ ಬೆಲ್ಲದ ಅಳತೆಗೆ ಸುಣ್ಣ ಕಲಸುವುದು, ಎರಡನೆಯದರಲ್ಲಿ ನೀರು ತಿಳಿಯಾಗಲು ಬಿಡುವುದು. ಒಳಗೆ ನೀರು ಬಿಟ್ಟು, ಅಂಚಿಗೆ ಕೊನೆಯ ಕೈ ಸಿಮೆಂಟು ಎಳೆದ ದಿನವೇ ನೋಡಲು ಬರುವವರು ಬಂದಿಳಿದರು.

ಅವರಲ್ಲಿ ಕನ್ನಡ ಬಲ್ಲವರು ಮೈಸೂರು ಕಡೆಯ ಒಬ್ಬ ಮಹಿಳಾ ಅಧಿಕಾರಿ, ನಮ್ಮ ಮಾತಿನಲ್ಲಿ ಬಾಯಿಯವರು. "ಈ ತೊಟ್ಟಿಗಳು ಯಾವಾಗಿನವು?" ಎಂದು ಕೇಳಿದರು.

"ಅಗದೀ ಮೊದಲಿನಿಂದ್ಲೂ ಅದಾವ್ರಿ ಬಾಯಾರ."

ಅವರು ಅಂಚಿಗೆ ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು. "ಮೊದಲು ಅಂದರೆ, ಬೆಳಗಿನ ತಿಂಡಿಗಿಂತ ಮೊದಲೋ?"

ನಾನು ಇನ್ನೊಂದು ಸುಳ್ಳು ಹುಡುಕುತ್ತಿರುವಾಗ, ಸುಳ್ಳು ಬಾರದ ಸಾಹುಕಾರರು ನಾನು ಹೂಡಿದ ಆಟದಿಂದ ಹಿಡಿದು ಬೆಲ್ಲದ ಅಳತೆಯವರೆಗೆ ಎಲ್ಲವನ್ನೂ ಒಪ್ಪಿಸಿಬಿಟ್ಟರು. ಡಬ್ಬಿಯ ಸೀಲನ್ನೂ ಬಿಡಲಿಲ್ಲ. ಬಾಯಿಯವರು ನಕ್ಕು ನಕ್ಕು ನನ್ನದೇ ಬಕೆಟ್ಟು ಬೋರಲು ಹಾಕಿ ಕುಳಿತರು. ಆಮೇಲೆ ಚೀಲದಿಂದ ಒಂದು ಕಾಗದದ ಪಟ್ಟಿ ತೆಗೆದು ಎರಡನೆಯ ಕುಣಿಯಲ್ಲಿ ಅದ್ದಿದರು. ಅದು ಕೆಂಪಾಯಿತು.

"ಇದು ಬೆಲ್ಲ ಅಲ್ಲ ಯಜಮಾನರೇ, ಸುಣ್ಣ ಇನ್ನೂ ಬೇಕು." ಯಾವ ಬಣ್ಣ ಬರಬೇಕೆಂದು ತೋರಿಸಿ, ಪಟ್ಟಿಗಳ ಕಟ್ಟನ್ನೇ ಸಾಹುಕಾರರ ಕೈಗೆ ಕೊಟ್ಟರು. "ಮಳೆಗಾಲ ಮುಗಿದ ಮೇಲೆ ಹೇಳದೆ ಬರುತ್ತೇನೆ. ಬಣ್ಣ ಸರಿ ಇದ್ದರೆ ಶೆಡ್ಡು ಇಲ್ಲೇ ಇರಲಿ ಎಂದು ಬರೆಯುತ್ತೇನೆ. ಇಲ್ಲದಿದ್ದರೆ ಹೊರಗೆ ಹಾಕಿ ಎಂದು ಬರೆಯುತ್ತೇನೆ."

ಅವರು ಹೋದರು, ಆದರೆ ನನ್ನ ಪಾಲಿನ ಇನ್ಸ್‌ಪೆಕ್ಟರು ಇಲ್ಲೇ ಉಳಿದರು. ಸಾಹುಕಾರರು ದಿನಾ ಬಸದಿಯಿಂದ ನೇರ ನನ್ನ ಕುಣಿಗೆ ಬರುತ್ತಿದ್ದರು, ಒಂದು ಕಿಸೆಯಲ್ಲಿ ಮೀನಿಗೆ ಶೇಂಗಾ ಹಿಂಡಿ, ಇನ್ನೊಂದರಲ್ಲಿ ನನಗೆ ಕಾಗದ.

"ಇವತ್ತ ಸ್ವಲ್ಪ ಕೆಂಪ ಐತಿ."

"ನಿಮ್ಮ ಚಷ್ಮಾ ಕೆಂಪ ಐತ್ರಿ ಕಾಕಾ."

"ಚಷ್ಮಾ ತಗದ ನೋಡೇನಿ. ಹಾಕ ಸುಣ್ಣಾ."

ಹಾಕಿದೆ.

ದೀಪಾವಳಿ ಕಳೆದ ಮೇಲೆ ಬಾಯಿಯವರು ಒಂದು ಬೆಳಿಗ್ಗೆ ಬಸ್ಸಿಳಿದು ನಡೆದೇ ಬಂದರು. ಎರಡೂ ಕುಣಿಯಲ್ಲಿ, ಗಟಾರದಲ್ಲಿ, ಹೊಂಡದಲ್ಲಿ ಕಾಗದ ಅದ್ದಿದರು. ನಾನು ಸತುವಿನ ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ, ನೋಡುವ ಧೈರ್ಯವಾಗಲಿಲ್ಲ. "ಬಣ್ಣ ಸರಿ ಇದೆ," ಎಂದು ಅವರು ಹೇಳುವ ಮೊದಲೇ ಸಾಹುಕಾರರು, "ಆತು, ಇನ್ನ ಇಂವಾ ಎಲ್ಲೂ ಹೋಗೂದಿಲ್ಲ ಬಿಡ್ರಿ. ನಮ್ಮ ಕರ್ಮ!" ಎಂದರು.

ಶೆಡ್ಡು ಉಳಿಯಿತು. ಆಸಿಡ್ ಬಳಸುವವರು ತಮ್ಮ ಗೋಡೆಯೊಳಗೇ ಅದರ ಹುಳಿ ಮುರಿದು ನೀರು ಬಿಡಬೇಕು ಎಂದು ಮುಂದೆ ನಿಯಮದಲ್ಲಿ ಬಂತಂತೆ. ಅದನ್ನು ನಾನು ಓದಿಲ್ಲ. ಓದುವ ಗರಜು ಬೀಳಲಿಲ್ಲ.

ಈಗ ನನಗೆ ಶೆಡ್ಡು ಎರಡು, ಸತುವಿನ ಕಡಾಯಿ ಎರಡು, ಸುಣ್ಣದ ಕುಣಿ ನಾಲ್ಕು, ಪಗಾರಿನ ಆಳು ಹನ್ನೊಂದು, ಸ್ವಂತ ಮನೆ ಒಂದು, ಮೋಟಾರ್ ಸೈಕಲ್ಲು ಒಂದು.