ಖಾರ ಹತ್ತದ ಕೈ

ಸಾನಿಯಾ, ಇರ್ಫಾನ್, ನಿಮ್ಮ ನಾನಿಯಾದ ನಾನು ಬಾಯಿಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಉರ್ದು ಆಡಿದರೂ ನನಗೆ ಬರೆಯಲು ಬರುವುದು ಕುಪ್ಪೇಲೂರಿನ ಶಾಲೆಯಲ್ಲಿ ಕಲಿತ ಕನ್ನಡ ಮಾತ್ರ. ದೊಡ್ಡವರಾದ ಮೇಲೆ ಓದಿ.

ಮೊದಲು ಉರಿ ಹೋಯಿತು.

ಬ್ಯಾಡಗಿಯ ಒಂದು ಮೆಣಸಿನಕಾಯಿ ಅಂಗಡಿಯಲ್ಲಿ ನಾನು ತೊಟ್ಟು ಬಿಡಿಸುತ್ತಿದ್ದೆ. ನನ್ನ ಗಂಡ, ನಿಮ್ಮ ನಾನಾ, ತೀರಿಕೊಂಡ ಮೇಲೆ ಹನ್ನೊಂದು ವರ್ಷ ಅದೇ ಕೆಲಸ. ಸಂಜೆಯಾದರೆ ಎಲ್ಲ ಹೆಂಗಸರ ಕೈಯೂ ಉರಿಯುತ್ತದೆ. ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಾರೆ. ಒಂದು ಸುಗ್ಗಿಯಲ್ಲಿ ನನ್ನ ಎಡಗೈ ಉರಿಯುವುದು ನಿಂತಿತು.

"ಹುಸೇನಬೀ, ನಿನ್ನ ಕೈ ಏನ್ ಕಬ್ಬಿಣದ್ದೇನವಾ? ನಮಗೂ ಒಂದ್ ಜೋಡಿ ಕೊಡಸ," ಎಂದು ಪಕ್ಕದಲ್ಲಿ ಕೂರುವ ಗಿರಿಜವ್ವ ನಗುತ್ತಿದ್ದಳು. ಹೆಚ್ಚು ಖಾರದ ಕಾಯಿ ಬಂದಾಗಲೆಲ್ಲ ನನ್ನ ಮುಂದೆ ಸುರಿಯುತ್ತಿದ್ದರು. ನನಗೆ ಹೆಮ್ಮೆ. ಅಲ್ಲಾಹ ಕೊಟ್ಟ ವರ ಎಂದುಕೊಂಡೆ. ಒಂದು ವರ್ಷ ಹಾಗೆಯೇ ಹೋಯಿತು.

ಚೀಲದ ಬಾಯಿ ಹೊಲಿಯುವವರು ದಾವಲಸಾಬ್. ಮೇಡ್ಲೇರಿಯವರು, ಹೆಂಡತಿ ಸತ್ತು ಬಹಳ ದಿನವಾಗಿತ್ತು. ಒಂದು ಮಧ್ಯಾಹ್ನ ನಾನು ಚೀಲ ಹಿಡಿದಿದ್ದೆ, ಅವರು ದಬ್ಬಣದಿಂದ ಹೊಲಿಯುತ್ತಿದ್ದರು. ಗಿರಿಜವ್ವ ಏನೋ ಅಂದಳೆಂದು ಆ ಕಡೆ ತಿರುಗಿದೆ. ದಬ್ಬಣ ನನ್ನ ಎಡಗೈಯ ಕಿರುಬೆರಳಿಗೆ ಹೊಕ್ಕಿತು.

ನಾನು ಮಾತಾಡುತ್ತಲೇ ಇದ್ದೆ.

"ನೋವಾತೇನ್ರಿ?" ಎಂದು ದಾವಲಸಾಬ್ ಕೇಳಿದರು. ಅವರ ಮುಖ ಬಿಳುಚಿತ್ತು. ಗೋಣಿಯ ಮೇಲೆ ರಕ್ತ. ನೋವಾಗಿರಲಿಲ್ಲ. ಅದಲ್ಲದೆ, ಹಾಗೆ ಕೇಳಿಸಿಕೊಂಡು ನನಗೆ ರೂಢಿಯೂ ಇರಲಿಲ್ಲ. ನಿಮ್ಮ ನಾನಾ ಕೆಟ್ಟವರಲ್ಲ; ಆದರೆ ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಒಂದು ಮಾತು ಅವರ ಬಾಯಿಂದ ಬಂದದ್ದು ನೆನಪಿಲ್ಲ. ಅವರು ಹೋದ ಮೇಲೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. 'ಕೈ ಖಾರ ಅದಾವು, ದೂರ ಇರ್ರಿ' ಎಂದರೆ ಆಯಿತು. ನೀವು ಓಡಿ ಬಂದಾಗಲೂ ಹಾಗೇ ಅಂದಿದ್ದೇನೆ. ಕೈ ತೊಳೆದ ಮೇಲೂ ಅಂದಿದ್ದೇನೆ.

ರಾಣೆಬೆನ್ನೂರಿನಿಂದ ನನ್ನ ಮಗಳು, ನಿಮ್ಮ ಅಮ್ಮಿ ಶಬಾನಾ ಬಂದು ನನ್ನನ್ನು ಹಾವೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು. "ಕಣ್ಣ ಮುಚ್ಚರಿ ಅಮ್ಮಾ. ನಾ ಮುಟ್ಟಿದಲ್ಲಿ ಬೆರಳಿಟ್ಟ ತೋರಸ್ರಿ," ಎಂದರು ಡಾಕ್ಟರ್. ಕಣ್ಣು ಮುಚ್ಚಿ ಕಾದೆ. ಬಹಳ ಹೊತ್ತು ಕಾದು, "ಯಾವಾಗ ಮುಟ್ಟತೀರಿ?" ಎಂದೆ.

"ಮುಟ್ಟಿ ಮುಗೀತ್ರಿ ಅಮ್ಮಾ."

ಲೆಪ್ರಸಿ.

ನರ್ವ್‌ಗೆ ಪೆಟ್ಟಾಗಿದೆ, ಒಂದು ವರ್ಷ ಗುಳಿಗೆ ನುಂಗಬೇಕು, ಗುಳಿಗೆ ಶುರುವಾದ ಮೇಲೆ ಯಾರಿಗೂ ಅಂಟುವುದಿಲ್ಲ ಎಂದರು. ಶಬಾನಾ ಅತ್ತಳು. ನನಗೆ ಅಳು ಬರಲಿಲ್ಲ. ಆ ತಿಂಗಳುಗಳಲ್ಲಿ ಏನೂ ಬರಲಿಲ್ಲ. ಅಂಗಡಿ ಬಿಟ್ಟೆ. ಗುಳಿಗೆಯಿಂದ ಮೂತ್ರ ಕೆಂಪಾಯಿತು, ಮುಖ ಕಪ್ಪಾಯಿತು. ಕನ್ನಡಿಯನ್ನು ಗೋಡೆಗೆ ತಿರುಗಿಸಿದೆ. ಮರಗಟ್ಟಿದ್ದು ಕೈ ಒಂದೇ ಎಂದು ಡಾಕ್ಟರ್ ಬರೆದಿದ್ದರು. ಎದೆಯನ್ನು ಅವರು ಮುಟ್ಟಿ ನೋಡಿರಲಿಲ್ಲ.

ತಿಂಗಳಿಗೊಂದರಂತೆ ಕೊಡುತ್ತಿದ್ದ ಗುಳಿಗೆಯ ಐದನೆಯ ಸ್ಟ್ರಿಪ್ ಮುಗಿಯುವಾಗ ದಾವಲಸಾಬ್ ರಾಣೆಬೆನ್ನೂರಿಗೆ ಹೋಗಿ, ನನ್ನನ್ನು ನಿಕಾ ಮಾಡಿಕೊಡುವಿರಾ ಎಂದು ನಿಮ್ಮ ಅಮ್ಮಿಯನ್ನು ಕೇಳಿದರಂತೆ. ಮರುವಾರ ನನ್ನ ಬಾಗಿಲಿಗೇ ಬಂದರು. ಓಡಿಸಿಬಿಡಬೇಕೆಂದು ಒಮ್ಮೆಲೇ ಅಂದೆ: "ನನಗ ಕುಷ್ಠ ಐತ್ರಿ."

"ನಮ್ಮ ಮಾವಗೂ ಆಗಿತ್ರಿ. ಗುಳಗಿ ತಗೊಂಡ, ಆರಾಮಾದ. ನಿಮಗ ನಾ ಬ್ಯಾಡಾದ್ರ ಬ್ಯಾಡ ಅನ್ರಿ. ರೋಗದ ಮ್ಯಾಲ ಹಾಕಬ್ಯಾಡ್ರಿ."

ಬೇಡ ಎನ್ನಲು ಬಾಯಿ ತೆರೆದೆ. ಬಂದ ಮಾತು, "ಒಳಗ ಬರ್ರಿ."

ನಿಕಾ ನಿಮ್ಮ ಮನೆಯಲ್ಲೇ ಆಯಿತು. ನೀವಿಬ್ಬರೂ ಬಿರಿಯಾನಿ ತಿಂದು ಅಲ್ಲೇ ಮಲಗಿಬಿಟ್ಟಿರಿ. ಬ್ಯಾಡಗಿಗೆ ಬಂದ ಮೇಲೆ ಮೂರು ವಾರ ನಾನು ಗೋಡೆಯ ಕಡೆ ಮುಖಮಾಡಿ ಮಲಗಿದೆ. ಅವರು ಮಂಚದ ಆ ತುದಿಯಲ್ಲಿ.

ಕೈಯನ್ನು ದಿನವೂ ನೀರಲ್ಲಿ ನೆನೆಸಿ ಎಣ್ಣೆ ಹಚ್ಚಬೇಕೆಂದು ಡಾಕ್ಟರ್ ಹೇಳಿದ್ದರು. ನಾನು ಮಾಡುತ್ತಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅವರು ಬೋಗುಣಿಯಲ್ಲಿ ನೀರು ತಂದು ಎದುರು ಕೂತರು.

"ಕೈ ಕೊಡ್ರಿ."

"ಖಾರ ಅದಾವ್ರಿ."

ಅವರು ನಕ್ಕರು. "ಆರ ತಿಂಗಳಾತು ಮೆಣಸಿನಕಾಯಿ ಮುಟ್ಟಿ. ಇನ್ನೂ ಖಾರ?"

ಕೊಟ್ಟೆ. ನೆನೆಸಿ, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿದರು. ದಾರ ಎಳೆದೆಳೆದು ಒರಟಾದ ಹೆಬ್ಬೆರಳು. ಅದು ನನ್ನ ಅಂಗೈ ಮೇಲೆ ಓಡಾಡುವುದನ್ನು ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ನೋಡುತ್ತಿದ್ದೆ.

"ಇಲ್ಲಿ ಗೊತ್ತಾಗತೈತೇನು?"

"ಇಲ್ಲ."

ಮಣಿಕಟ್ಟು. "ಇಲ್ಲಿ?" ಇಲ್ಲ. ಇನ್ನೂ ಮೇಲೆ. ಇಲ್ಲ. ಮೊಣಕೈಯ ಒಳಮಡಿಕೆಗೆ ಬಂದಾಗ ನನ್ನ ಉಸಿರು ನಿಂತಿತು.

"ಇಲ್ಲಿ?"

"ಹೂಂ."

ಅವರು ಕೈ ತೆಗೆಯಲು ಹೋದರು. "ಅಲ್ಲೇ ಇರ್ರಿ," ಎಂದೆ. ನನ್ನ ದನಿ ನನಗೇ ಹೊಸದು. ಆ ಬೆರಳು ತೋಳಿಗೆ, ಹೆಗಲಿಗೆ, ಕತ್ತಿನ ಹಿಂದಕ್ಕೆ ಏರುವಾಗ ಪ್ರತಿ ಜಾಗವನ್ನೂ ಅವರು ಕೇಳಿದರು, ಪ್ರತಿ ಜಾಗಕ್ಕೂ ನಾನು ಉತ್ತರ ಕೊಟ್ಟೆ. ಐವತ್ತು ವರ್ಷ ಈ ಮೈಯಲ್ಲಿದ್ದೂ ಅಲ್ಲೆಲ್ಲ ಇಷ್ಟು ಬಿಸಿಯಿದೆ ಎಂದು ನನಗೆ ತಿಳಿದಿರಲಿಲ್ಲ. ಬಾಗಿಲು ಹಾಕಿದ್ದು ನಾನೇ. ಮುಂದಿನದನ್ನು ಬರೆಯಲು ನಾಚಿಕೆ.

ಗುಳಿಗೆ ಹೋದ ತಿಂಗಳು ಮುಗಿಯಿತು. ಎಡಗೈಗೆ ಸ್ಪರ್ಶ ಮರಳಿಲ್ಲ, ಮರಳದೆಯೂ ಇರಬಹುದಂತೆ. ಚಹಾ ಕೊಡುವ ಮೊದಲು ನಿಮ್ಮ ದಾವಲನಾನಾ ಕಪ್ ಸುಡುತ್ತಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಇಷ್ಟು ಸಾಕು. ಈಗ ನೀವು ಬಂದರೆ ಎತ್ತಿಕೊಳ್ಳುತ್ತೇನೆ.

ಈ ಹಾಳೆಗಳ ಎಡಬದಿಯಲ್ಲಿ ಎಣ್ಣೆಯ ಬೆರಳಚ್ಚುಗಳಿವೆ. ಬರೆಯುವಾಗ ಒತ್ತಿ ಹಿಡಿದದ್ದು ನನಗೆ ಗೊತ್ತಾಗಿಲ್ಲ. ಕೊಳೆ ಎಂದು ಎಸೆಯಬೇಡಿ. ಜೋಪಾನವಾಗಿ ಇಟ್ಟುಕೊಳ್ಳಿ.