ಮೂರು ಏಟು, ಆಮೇಲೆ ಎರಡು

ನಮ್ಮ ಮಾವ ಊಟಕ್ಕೆ ಕೂತರೆ ಎಡಗೈಯನ್ನು ನೆಲಕ್ಕೆ ಊರಿಕೊಂಡೇ ಕೂರುತ್ತಿದ್ದರು. ಬೆರಳು ಅಗಲಿಸಿ, ಅಂಗೈ ಪೂರ್ತಿ ನೆಲಕ್ಕೆ ತಾಗಬೇಕು. ಬಲಗೈ ಮುದ್ದೆ ಮುರಿಯುತ್ತಿದ್ದರೆ ಎಡಗೈ ಮನೆಯೊಳಗೆ ಯಾರು ಎಲ್ಲಿ ಓಡಾಡುತ್ತಿದ್ದಾರೆ ಅಂತ ವಿಚಾರಿಸಿಕೊಳ್ಳುತ್ತಿತ್ತು. ಅತ್ತೆ ಒಲೆ ಮುಂದಿನಿಂದ ಎದ್ದರೆ ಸಾಕು, ತಲೆಯೆತ್ತದೆ "ಸಾರು ಬ್ಯಾಡ" ಅನ್ನುವರು. ನಾನು ಹೊಸ ಸೊಸೆ, ಕಾಲುಂಗುರದ ಸದ್ದೂ ಆಗದ ಹಾಗೆ ಬೆಕ್ಕಿನ ಹೆಜ್ಜೆ ಇಟ್ಟು ಬಾಗಿಲ ಹಿಂದೆ ಬಂದು ನಿಂತರೂ "ಅಮ್ಮಣ್ಣಿ ಬಂದವ್ಳೆ, ಏನ್ ಬೇಕೋ ಕೇಳು" ಅಂತ ಅತ್ತೆಗೆ ಹೇಳುವರು. ಈ ಮನುಷ್ಯರಿಗೆ ಕಿವಿ ಕೇಳಿಸುವುದಿಲ್ಲ ಅಂತ ಮದುವೆಗೆ ಮುಂಚೆ ಹೇಳಿದವರ ಮೇಲೇ ನನಗೆ ಅನುಮಾನ ಬಂದುಬಿಟ್ಟಿತ್ತು.

ಕಿವಿ ನಿಜಕ್ಕೂ ಹೋಗಿತ್ತು. ಕೆ.ಜಿ.ಎಫ್.ನ ಊರಿಗಾಂ ಚಿನ್ನದ ಗಣಿಯಲ್ಲಿ ಮಾವ ವೈಂಡಿಂಗ್ ಇಂಜಿನ್ ಡ್ರೈವರಾಗಿದ್ದವರು. ಜನರನ್ನು ಭೂಮಿಯೊಳಕ್ಕೆ ಇಳಿಸಿ ಮೇಲಕ್ಕೆತ್ತುವ ಕಬ್ಬಿಣದ ಕೇಜು ಇವರ ಕೈಯಲ್ಲಿ. ಆದರೆ ಆ ಕೇಜು ಇವರ ಕಣ್ಣಿಗೆ ಕಾಣುವಂಥದ್ದಲ್ಲ. ಕೆಳಗಿನಿಂದ ಗಂಟೆ ಬರುತ್ತದೆ, ಎಷ್ಟು ಏಟು ಬಿತ್ತೋ ಆ ಲೆಕ್ಕಕ್ಕೆ ಇಂಜಿನ್ ಓಡಿಸಬೇಕು, ನಿಲ್ಲಿಸಬೇಕು. ಆ ಇಂಜಿನ್ನಿನ ಅಬ್ಬರವೇ ವರ್ಷಾನುಗಟ್ಟಲೆ ಕಿವಿ ತಿಂದಿತ್ತು. ಒಂದು ದಿನ ಗಂಟೆಯ ಒಂದು ಏಟು ಇವರಿಗೆ ಕೇಳಿಸಲಿಲ್ಲ. ಪಕ್ಕದಲ್ಲಿದ್ದವನು ಭುಜ ಮುಟ್ಟಿ ಹೇಳಿದ, ಯಾರಿಗೂ ಏನೂ ಆಗಲಿಲ್ಲ, ಯಾರಿಗೂ ಗೊತ್ತಾಗಲೂ ಇಲ್ಲ. ಮಾವ ಪಾಳಿ ಮುಗಿಸಿ ಸೀದಾ ಆಫೀಸಿಗೆ ಹೋದರಂತೆ. "ಇವತ್ತು ಒಂದು ಏಟು ನಂಗೆ ಕೇಳಿಸ್ಲಿಲ್ಲ. ನಾಳೆಯಿಂದ ನನ್ನ ಆ ಸೀಟಿನಾಗೆ ಕೂರಿಸ್ಬೇಡಿ" ಅಂದು, ಬಂಗಾರಪೇಟೆಯ ಮನೆಗೆ ಬಂದು ಜಗಲಿಯ ಮೇಲೆ ಕೂತರು. ಕೂತವರು ಏಳಲೇ ಇಲ್ಲ ಅನ್ನುತ್ತಿದ್ದರು ಅತ್ತೆ. ನಾನು ಮದುವೆಯಾಗಿ ಬಂದಾಗ ಅವರು ಆ ಜಗಲಿಯ ಕಂಬಕ್ಕೆ ಇನ್ನೊಂದು ಕಂಬವಾಗಿ ಕೂತಿದ್ದರು. ಕೂತಲ್ಲೇ ಬಲಗೈ ಮಾತ್ರ ಯಾವುದೋ ಇಲ್ಲದ ಲಿವರನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿತ್ತು.

ಅಂಥವರು ಒಂದು ಬೆಳಗ್ಗೆ ಎದ್ದು ರೈಲು ಹತ್ತಿ ಹೋದರು. ಸಂಜೆ ಬರುವಾಗ ಎರಡು ಜೊತೆ ಎತ್ತು ಕಟ್ಟಿಸಿ ಒಂದು ಪಿಕಪ್ಪು ಎಳೆಸಿಕೊಂಡು ಬಂದರು. ಕೆ.ಜಿ.ಎಫ್.ನ ಕೋರಮಂಡಲ್ ಕಡೆ ಬಂಗಲೆಯಲ್ಲಿದ್ದ ದೊರೆಯೊಬ್ಬ ತನ್ನ ದೇಶಕ್ಕೆ ವಾಪಸು ಹೋಗುವಾಗ ಬಿಟ್ಟುಹೋದದ್ದಂತೆ. ಯಾವ ಕಂಪನಿಯದೋ, ಹೆಸರಿನ ಪಟ್ಟಿಯೇ ಬಿದ್ದುಹೋಗಿತ್ತು. ಟೈರಿಲ್ಲ, ಹಿಂದಿನ ತೊಟ್ಟಿಗೆ ತಳವಿಲ್ಲ, ಬಾನೆಟ್ಟಿನೊಳಗೆ ಕೋಳಿ ಕಾವಿಗೆ ಕೂತಿತ್ತು. ಮಾವ ಕೋಳಿಯನ್ನೂ ಮೊಟ್ಟೆಯನ್ನೂ ಜೋಪಾನವಾಗಿ ಹಾಗೇ ತಂದಿದ್ದರು.

ಅತ್ತೆ ಹಣೆ ಚಚ್ಚಿಕೊಂಡರು. "ಕಿವುಡನ ಮುಂದೆ ಕಿನ್ನರಿ ಬಾರಿಸ್ದಂಗೆ, ನಾನೇನು ಏಳಿದ್ರೂ ಇವರಿಗೆ ನಾಟಲ್ಲ. ಕಿವಿ ಕೇಳ್ದೋರು ರಸ್ತೆಗಿಳಿದ್ರೆ ಯಾರ ಮೇಲೆ ಬಿಡ್ತಾರೋ, ಯಾವ ಲಾರಿ ಕೆಳಗೆ ಓಗ್ತಾರೋ."

ನನ್ನ ಯಜಮಾನರು ಆಗ ಕೆ.ಜಿ.ಎಫ್.ನದೇ ಇನ್ನೊಂದು ಗಣಿ ಮೈಸೂರು ಮೈನ್ಸಿನಲ್ಲಿ ಕೆಲಸಕ್ಕಿದ್ದರು, ದಿನಾ ರೈಲಿನಲ್ಲೇ ಓಡಾಟ. ಅವರು ತಾಯಿಗೆ ಸಮಾಧಾನ ಹೇಳಿದರು. "ರಿಪೇರಿ ಮಾಡ್ಕೊಳ್ಳಲಿ ಬಿಡವ್ವ, ಕೈಗೊಂದು ಕೆಲಸ ಆಯ್ತದೆ. ಓಡೋ ಹಂಗಾದ ಮೇಲೆ ಮಾರಿಬಿಡೋಣ. ಗೇಟು ದಾಟಿಸೋದು ಮಾತ್ರ ಬ್ಯಾಡ." ಹಾಗಂತ ಮನೆಯಲ್ಲಿ ತೀರ್ಮಾನವಾಯಿತು. ಮಾವನಿಗೆ ಕೈಸನ್ನೆ ಮಾಡಿ ತಿಳಿಸಿದರು. ಮಾವ ಕೋಳಿಗೆ ಬೇರೆ ಬುಟ್ಟಿ ಹುಡುಕಲು ಹೋದರು.

ಅಬ್ಬಬ್ಬ, ಆಮೇಲೆ ಶುರುವಾಯಿತು ನೋಡಿ ನಮ್ಮ ಹಿತ್ತಲಲ್ಲಿ ಜಾತ್ರೆ. ಜಗಲಿ ಮೇಲೆ ಕಂಬವಾಗಿದ್ದವರು ಹೊತ್ತು ಮೂಡುವ ಮುಂಚೆ ಚಡ್ಡಿ ಬನಿಯನ್ನಿನಲ್ಲಿ ಗಾಡಿಯ ಕೆಳಗೆ. ತುಕ್ಕು ಹಿಡಿದು ಅಲ್ಲಾಡದ ಇಂಜಿನ್ನಿಗೆ ಸೀಮೆಎಣ್ಣೆ ಹೊಯ್ದು, ರೋಗಿಯನ್ನು ಕಾಯುವ ಹಾಗೆ ಕಾದರು. ದಿನಾ ಬೆಳಗ್ಗೆ ಹ್ಯಾಂಡಲ್ ಹಾಕಿ ಒಂದು ಸಲ ತಿರುಗಿಸಿ ನೋಡುವುದು, ಅಲ್ಲಾಡದಿದ್ದರೆ ಬೈಯದೆ ಇನ್ನಷ್ಟು ಹೊಯ್ಯುವುದು. ಒಂದು ದಿನ ಅದು ಕೂದಲೆಳೆಯಷ್ಟು ಮಿಸುಕಿತು. ಅವತ್ತು ಮಾವ ಎರಡು ಮುದ್ದೆ ಜಾಸ್ತಿ ಉಂಡರು. ಗುಜರಿಯಿಂದ ಹಳೇ ಟೈರು ತಂದು ತೊಡಿಸಿದರು. ಹಳೇ ಬಾಗಿಲಿನ ಹಲಗೆ ಕೊಯ್ದು ತೊಟ್ಟಿಗೆ ತಳ ಹಾಕಿದರು. ತೆಂಗಿನ ನಾರು ತುಂಬಿ ಸೀಟು ಮಾಡಿದರು. ಅದರ ಮೇಲೆ ಟಾರ್ಪಾಲು ಹಾಕಿ ದಬ್ಬಳದಲ್ಲಿ ಹೊಲಿದವಳು ನಾನು. ರೇಡಿಯೇಟರ್ ಅಲ್ಲಲ್ಲಿ ಜಿನುಗುತ್ತಿತ್ತು, ಅದಕ್ಕೆ ಅರಿಸಿನದ ಪುಡಿ ಕಲಸಿ ಹೊಯ್ದರೆ ತೂತು ಕಟ್ಟಿಕೊಳ್ಳುತ್ತದೆ ಅಂತ ಅತ್ತೆಯ ಡಬ್ಬಿಯನ್ನೇ ಖಾಲಿ ಮಾಡಿದರು. ಅತ್ತೆ ಬೀದಿಯವರಿಗೆಲ್ಲ ಕೇಳುವ ಹಾಗೆ ಹೇಳಿದರು: "ಬನ್ರವ್ವ ಬನ್ನಿ, ನಮ್ಮನೆಯೋರು ಗಾಡಿಗೆ ಅರಿಸಿನ ಶಾಸ್ತ್ರ ಮಾಡ್ತಾವ್ರೆ. ತಾಳಿ ಕಟ್ಟೋದೊಂದು ಬಾಕಿ." ಜಿನುಗು ನಿಂತಿತು ಅನ್ನಿ.

ಬ್ರೇಕಿನ ಕೆಲಸ ಬಂದಾಗ ಎಲ್ಲವೂ ನಿಂತಿತು. ಒಬ್ಬರು ಕೆಳಗೆ ಮಲಗಿ ಪೈಪಿನ ಗಾಳಿ ತೆಗೆಯಬೇಕು, ಇನ್ನೊಬ್ಬರು ಮೇಲೆ ಕೂತು ಹೇಳಿದಾಗ ಪೆಡಲ್ಲು ತುಳಿಯಬೇಕು, ಹೇಳಿದಾಗ ಬಿಡಬೇಕು. ಯಜಮಾನರು ಪಾಳಿಗೆ ಹೋಗಿದ್ದರು. ಅತ್ತೆಗೆ ಮಂಡಿನೋವು. ಉಳಿದವಳು ನಾನು. ಆದರೆ ನಮ್ಮಲ್ಲಿ ಸೊಸೆ ಮಾವನ ಎದುರು ನಿಲ್ಲುವುದಿಲ್ಲ, ಬಾಯಿಬಿಟ್ಟು ಮಾತಾಡುವುದಿಲ್ಲ. ಅವರು ಕೆಳಗೆ ನೆಲದ ಮೇಲೆ ಮಲಗಿರುವಾಗ ನಾನು ಮೇಲೆ ಸೀಟಿನಲ್ಲಿ ಕೂರುವುದೆಂದರೆ ಏನು? ಅತ್ತೆ ಮಂಡಿ ಉಜ್ಜಿಕೊಳ್ಳುತ್ತಾ, "ಗಾಡಿ ಮನೆಯಲ್ಲ, ಅದರಾಗೆ ಶಾಸ್ತ್ರ ಇಲ್ಲ. ಮ್ಯಾಕೆ ಅತ್ತು" ಅಂದರು.

ಸೆರಗು ಎಳೆದುಕೊಂಡು ಹತ್ತಿದೆ. ಮಾವ ಕೆಳಗಿನಿಂದ ನನಗಲ್ಲ, ಗಾಡಿಗೆ ಹೇಳುವ ಹಾಗೆ ಹೇಳಿದರು.

"ನಾನು ಕಬ್ಬಿಣದ ಮೇಲೆ ಒಂದು ಒಡುದ್ರೆ ತುಳಿದು ನಿಲ್ಲು, ಅಂಗೇ ಇಡ್ಕೋ. ಎರಡು ಒಡುದ್ರೆ ಬಿಡು. ಏಟು ಕೇಳಿಸ್ತು ಅಂತ ಅಷ್ಟೇ ಏಟು ವಾಪಸು ಕೊಟ್ಟೇ ಮಾಡ್ಬೇಕು. ನೀನು ಒಡಿ, ನನ್ನ ಅಂಗೈಗೆ ಗೊತ್ತಾಯ್ತದೆ."

ನಾನು ಒಂದು ಸ್ಪ್ಯಾನರ್ ತೆಗೆದುಕೊಂಡೆ. ಕೆಳಗಿನಿಂದ ಟಣ್ ಅಂತು, ನಾನೂ ಟಣ್ ಅನ್ನಿಸಿದೆ. ಟಣ್ ಟಣ್ ಅಂತು, ಟಣ್ ಟಣ್ ಅನ್ನಿಸಿ ಕಾಲು ಬಿಟ್ಟೆ. ಹೇಗೆ ಹೇಳಲಿ ನಿಮಗೆ ಆ ಖುಷಿಯನ್ನು. ಆ ಮನೆಗೆ ಬಂದು ಅಷ್ಟು ದಿನವಾದರೂ ಮಾವನ ಜೊತೆ ಒಂದು ಮಾತಾಡಿರಲಿಲ್ಲ, ಅವತ್ತು ಮಧ್ಯಾಹ್ನವೆಲ್ಲ ಮಾತೇ ಮಾತು. ಕೆಲಸ ಮುಗಿದ ಮೇಲೆ ಅವರು ಇನ್ನೂ ಎರಡು ಪಾಠ ಹೇಳಿದರು. ಮೂರು ಏಟು ಅಂದರೆ ಜನ ಹತ್ತಿದ್ದಾರೆ, ಜೋಪಾನ ಅಂತ. ಎರಡು ಬೀಳುವವರೆಗೆ ಅಲ್ಲಾಡಬಾರದು. ಇನ್ನೊಂದು, ಓಡುತ್ತಿರುವಾಗ ಒಂದು ಬಿದ್ದರೆ ಅದಕ್ಕೆ ಮಾತ್ರ ಉತ್ತರ ಕೊಡುತ್ತಾ ಕೂರಬಾರದು. "ಮೊದ್ಲು ನಿಲ್ಸು. ಉತ್ತರ ಆಮೇಲೆ."

ಗಾಡಿ ಮೊದಲ ಸಲ ಹೊತ್ತಿಕೊಂಡ ದಿನ ಬೀದಿಯೇ ನಮ್ಮ ಹಿತ್ತಲಲ್ಲಿತ್ತು. ಯಜಮಾನರು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಬೆವರಿಳಿಸಿ, ಕೊನೆಗೆ ಅದು ಕೆಮ್ಮಿ, ಕರೀ ಹೊಗೆ ಉಗುಳಿ, ಗುಡುಗುಡು ಅಂತ ಶುರುವಾದಾಗ ಅತ್ತೆಯೂ ಕೈ ತಟ್ಟಿಬಿಟ್ಟರು. ಮಾವನಿಗೆ ಸದ್ದು ಕೇಳಿಸಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತರು. "ಒಂದು ಪ್ಲಗ್ಗು ಸರಿಯಾಗಿ ಉರೀತಿಲ್ಲ" ಅಂದರು. ಅದನ್ನು ಬಿಚ್ಚಿ ಉಜ್ಜಿ ಹಾಕಿದ ಮೇಲೆ ಮತ್ತೆ ಅಂಗೈ ಇಟ್ಟರು. ಆಗ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಲ್ಲಿಂದ ದಿನಾ ಸಂಜೆ ಒಂದೇ ಕಥೆ. ಮಾವ ಗಾಡಿ ಶುರು ಮಾಡಿ, ಸ್ಟೇರಿಂಗ್ ಹಿಡಿದು ಕೂರುವರು. ಎದುರಿಗೆ ಗೇಟು ತೆರೆದಿರುತ್ತಿತ್ತು. ಆದರೂ ಅಲ್ಲಾಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಕೂತು, ಇಂಜಿನ್ ಆರಿಸಿ ಇಳಿದುಬಿಡುವರು. ಹೆಂಡತಿ ಮಾತಿಗೆ ಬೆಲೆ ಕೊಟ್ಟರು ಅಂತ ಅತ್ತೆಗೆ ನೆಮ್ಮದಿ. ಯಜಮಾನರು ಪೇಟೆಯ ಬೆಲ್ಲದ ವ್ಯಾಪಾರಿಯೊಬ್ಬರಿಗೆ ಗಾಡಿ ಮಾತಾಡಿ ಬಂದರು. ಬೆಳಗ್ಗೆ ಪಾಳಿಗೆ ಹೊರಡುತ್ತಾ, ನಾಳೆ ಬಂದು ತೆಗೆದುಕೊಂಡು ಹೋಗುತ್ತಾರೆ ಅಂದಾಗ ಮಾವ ಗೋಡೆ ಕಡೆ ತಿರುಗಿ ಕೂತರು. ಬಲಗೈ ಮತ್ತೆ ಆ ಇಲ್ಲದ ಲಿವರನ್ನು ಎಳೆಯತೊಡಗಿತು. ನನಗೆ ತಡೆಯಲಾಗಲಿಲ್ಲ. ನಾಳೆಯಿಂದ ಈ ಮನುಷ್ಯರು ಮತ್ತೆ ಜಗಲಿಯ ಕಂಬ.

ಆ ಸಂಜೆ ಕೊನೆಯ ಸಲ ಅಂತ ಮಾವ ಗಾಡಿಯಲ್ಲಿ ಕೂತಾಗ, ಕಾಫಿ ಕೊಡುವ ನೆಪದಲ್ಲಿ ಹೋಗಿ ಪಕ್ಕದ ಸೀಟು ಹತ್ತಿದೆ. ಅವರು ಮುಂದೆ ರಸ್ತೆ ನೋಡುತ್ತಲೇ ಹೇಳಿದರು.

"ಇವರೆಲ್ಲ ನಾನು ಎದ್ರುಕೊಂಡೆ ಅಂದ್ಕೊಂಡವ್ರೆ ಅಮ್ಮಣ್ಣಿ. ಎದ್ರಿಕೆ ಅಲ್ಲ. ಜೀವಮಾನದಾಗೆ ಗಂಟೆ ಇಲ್ದೆ ಒಂದು ಸಲಾನೂ ಕೇಜು ಎತ್ತಿಲ್ಲ. ಗಂಟೆ ಕೊಡೋರಿಲ್ದೆ ಎಂಗೆ ಎತ್ಲಿ?"

ಕಾಲ ಬಳಿ ಸ್ಪ್ಯಾನರ್ ಬಿದ್ದಿತ್ತು. ನಾನು ತೆಗೆದುಕೊಂಡೆ. ಮುಂದಿನ ತಗಡಿನ ಮೇಲೆ ಮೂರು ಏಟು ಹೊಡೆದೆ. ಮಾವನ ಬೆನ್ನು ನೆಟ್ಟಗಾಯಿತು. ಸ್ಟೇರಿಂಗಿನ ಮೇಲೆ ಬೆರಳಲ್ಲಿ ಮೂರು ತಟ್ಟಿದರು. ಎರಡು ಹೊಡೆದೆ. ಎರಡು ತಟ್ಟಿದರು. ಗಾಡಿ ಹೊರಟಿತು.

ಅತ್ತೆ ಸೌಟು ಹಿಡಿದುಕೊಂಡು ಓಡಿ ಬಂದದ್ದು ಕನ್ನಡಿಯಲ್ಲಿ ಕಾಣಿಸಿತು. ನಾವು ಆಗಲೇ ಕೆ.ಜಿ.ಎಫ್. ರಸ್ತೆಯಲ್ಲಿದ್ದೆವು. ಗಾಳಿಗೆ ನನ್ನ ಸೆರಗು ಹಾರಿಹೋಗಿ ಹೆಗಲಿಗೆ ಬಿತ್ತು, ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ. ಹಿಂದಿನಿಂದ ಬಸ್ಸು ಹಾರ್ನ್ ಮಾಡಿದರೆ ಮೂರು ಹೊಡೆಯುತ್ತಿದ್ದೆ, ಮಾವ ಪಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಹುಣಸೆಮರಗಳು, ರಾಗಿ ಹೊಲಗಳು, ಕುರಿ ಮಂದೆ ಎಲ್ಲ ಹಿಂದಕ್ಕೆ ಓಡುತ್ತಿದ್ದವು. ಮೈಯೆಲ್ಲ ಜುಮ್ಮೆನ್ನುತ್ತಿತ್ತು ನನಗೆ.

ಸ್ವಲ್ಪ ದೂರದಲ್ಲಿ ಹಳ್ಳಿಯ ಮಣ್ಣುದಾರಿಗೆ ಹೊರಳಿದೆವು. ಅಲ್ಲಿ ರೈಲುಹಳಿ ದಾಟಬೇಕು, ಗೇಟಿಲ್ಲ. ಜಾಲಿಮರಗಳ ಹಿಂದಿನಿಂದ ರೈಲಿನ ಕೂಗು ಕೇಳಿಸಿತು. ಮಾವನಿಗೆ ಕೇಳಿಸಲಿಲ್ಲ, ಗಾಡಿ ಹಳಿಯ ಏರಿನ ಕಡೆಗೇ ಹೋಗುತ್ತಿತ್ತು. ನಾನು "ಮಾವಾ" ಅಂತ ಕಿರುಚಿದೆ. ಜನ್ಮದಲ್ಲಿ ಮೊದಲ ಸಲ ಬಾಯಿಬಿಟ್ಟು ಅವರನ್ನು ಕರೆದದ್ದು, ಅದು ಅವರಿಗೆ ಮುಟ್ಟಲೇ ಇಲ್ಲ. ಆಗ ಸ್ಪ್ಯಾನರ್ ನೆನಪಾಯಿತು. ಒಂದು ಏಟು ಹೊಡೆದೆ.

ಗಾಡಿ ನಿಂತಿತು. ಕೇಳಿಸಿತೋ ಇಲ್ಲವೋ ಅಂತ ಯೋಚಿಸುವಷ್ಟು ಹೊತ್ತೂ ಆಗಲಿಲ್ಲ, ನೆಟ್ಟ ಹಾಗೆ ನಿಂತಿತು. ಕಣ್ಣಮುಂದೆಯೇ ರೈಲು ಗಡಗಡ ಹಾದುಹೋಯಿತು. ಪಾಳಿ ಮುಗಿಸಿದವರು ಕಿಟಕಿಗಳಲ್ಲಿ ತುಂಬಿಕೊಂಡಿದ್ದರು. ಒಂದು ಕಿಟಕಿಯಲ್ಲಿ ನನ್ನ ಗಂಡ. ತನ್ನ ಕಿವುಡ ಅಪ್ಪ ಸ್ಟೇರಿಂಗ್ ಹಿಡಿದಿದ್ದಾರೆ, ಪಕ್ಕದಲ್ಲಿ ಹೆಂಡತಿ ಬರಿದಲೆಯಲ್ಲಿ ಸ್ಪ್ಯಾನರ್ ಎತ್ತಿ ಕೂತಿದ್ದಾಳೆ. ಅವರ ಬಾಯಿ ತೆರೆದದ್ದು ತೆರೆದ ಹಾಗೇ ಬಂಗಾರಪೇಟೆ ಕಡೆ ಹೊರಟುಹೋಯಿತು. ಮಾವ ಆಮೇಲೆ ನಿಧಾನವಾಗಿ ಸ್ಟೇರಿಂಗಿನ ಮೇಲೆ ಒಂದು ಸಲ ತಟ್ಟಿದರು. ಉತ್ತರ.

ಮನೆಗೆ ಬಂದಾಗ ಯಜಮಾನರು ಗೇಟಿನಲ್ಲೇ ನಿಂತಿದ್ದರು. ಇವತ್ತು ನನಗೆ ಗ್ರಹಚಾರ ಕಾದಿದೆ ಅಂತ ಇಳಿದೆ. ಅವರು ಕೇಳಿದ್ದು ಒಂದೇ: "ಒಂದೇ ಏಟಿಗೆ ನಿಲ್ಸಿದ್ರಾ?"

"ಒಂದೇ ಏಟಿಗೆ" ಅಂದೆ.

ಅವರು ಸೈಕಲ್ ತೆಗೆದುಕೊಂಡು ಬೆಲ್ಲದ ವ್ಯಾಪಾರಿಯ ಮನೆಗೆ ಹೋಗಿ ಗಾಡಿ ಕೊಡುವುದಿಲ್ಲ ಅಂತ ಹೇಳಿ ಬಂದರು. ಅತ್ತೆ ನನ್ನ ಹತ್ತಿರ ಮಾರನೆಯ ದಿನ ಮಧ್ಯಾಹ್ನದವರೆಗೂ ಮಾತು ಬಿಟ್ಟಿದ್ದರು. ಆಮೇಲೆ ಮಂಡಿ ಹಿಡಿದುಕೊಂಡು ಬಂದು, "ನಂಗೂ ಒಂದು ಸುತ್ತು ಓಡಿಸ್ಕೊಂಡು ಬರೋಕೇಳು ಅವರಿಗೆ. ನೀನೇ ಒಡೀಬೇಕು ಏಟು, ಬ್ಯಾರೇರನ್ನ ನಾನು ನಂಬಲ್ಲ" ಅಂದರು.

ಆಮೇಲೆ ಅದೆಷ್ಟು ವರ್ಷ ಓಡಿತು ಆ ಪಿಕಪ್ಪು. ಹಳ್ಳಿಗಳಿಂದ ತರಕಾರಿ ತುಂಬಿಕೊಂಡು ಊರಿಗಾಂನ ಗಣಿ ಕೆಲಸದವರ ಲೈನು ಮನೆಗಳಿಗೆ, ಅಲ್ಲಿಂದ ಮಾರಿಕುಪ್ಪಂ ಕಡೆಗೆ. ಮಾವ ಡ್ರೈವರು, ನಾನು ಗಂಟೆ. ಸೀಟಿಗೆ ಮೂರು ಸಲ ಹೊಸ ನಾರು ತುಂಬಿದೆ. ಅಡುಗೆಮನೆ ಬಾಗಿಲ ಹಿಂದೆ ಮುಗಿದುಹೋಗಬೇಕಾಗಿದ್ದ ನನ್ನ ಬಾಳಿಗೆ ರಸ್ತೆ ತೋರಿಸಿದವರು ಅವರು. ಅದನ್ನು ಅವರಿಗೆ ಒಂದು ದಿನವೂ ಹೇಳಲಿಲ್ಲ, ಹೇಳಿದ್ದರೂ ಕೇಳಿಸುತ್ತಿರಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಮಾವ ಹಾಸಿಗೆ ಹಿಡಿದರು. ಕಬ್ಬಿಣದ ಮಂಚ, ಅದರ ಕಂಬಿಯ ಮೇಲೆ ಸದಾ ಎಡಗೈ. ಅನ್ನ ನೀರು ಬಿಟ್ಟು ದಿನಗಳಾದರೂ ಜೀವ ಹೋಗಲಿಲ್ಲ. ಏನೋ ಆಸೆ ಉಳಿದಿದೆ ಅಂದರು ಬಂದ ನೆಂಟರು. ಬಾಯಿಗೆ ಹಾಲು ಬಿಟ್ಟರು, ಹೊಲದ ಮಣ್ಣು ತಂದು ಅಂಗೈಗೆ ಇಟ್ಟರು. ಪಿಕಪ್ಪನ್ನು ಕಿಟಕಿಯ ಹತ್ತಿರ ನಿಲ್ಲಿಸಿ ಇಂಜಿನ್ ಓಡಿಸಿದರು. ಮಾವ ಕಣ್ಣು ಮುಚ್ಚಿ ಹಾಗೇ ಇದ್ದರು, ಆ ಸಂಜೆಗಳಲ್ಲಿ ತೆರೆದ ಗೇಟಿನ ಮುಂದೆ ಕೂರುತ್ತಿದ್ದ ಹಾಗೇ. ಅವರು ಏತಕ್ಕೆ ಕಾಯುತ್ತಿದ್ದಾರೆ ಅಂತ ನನಗೆ ಆಗ ಹೊಳೆಯಿತು. ಹೊಳೆದ ಮೇಲೂ ಎರಡು ದಿನ ಸುಮ್ಮನಿದ್ದೆ. ನನಗೆ ಕೈ ಬರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಗಾಡಿಯಿಂದ ಸ್ಪ್ಯಾನರ್ ತಂದೆ. ಅತ್ತೆ ನನ್ನ ಮುಖ ನೋಡಿದರು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಮಂಚದ ಕಂಬಿಯ ಮೇಲೆ ಮೆಲ್ಲಗೆ ಮೂರು ಹೊಡೆದೆ. ಮಾವನ ಬೆರಳು ಎದ್ದು, ಕಂಬಿಯನ್ನು ಮೂರು ಸಲ ತಟ್ಟಿತು. ಆಮೇಲೆ ಕಾದರು.

ಎರಡು ಹೊಡೆದೆ.

ಬೆರಳು ಒಂದು ಸಲ ತಟ್ಟಿತು. ಬಹಳ ಹೊತ್ತಾದ ಮೇಲೆ, ಇನ್ನೊಂದು ಸಲ.